ಸುಮ್ಮನೆ ಕೂಡುವವರು ಬೇಕಾಗಿದ್ದಾರೆ

ನರಗುಂದದಲ್ಲಿ ನಮ್ಮ ಕಾಳಿನ ಅಂಗಡಿಯ ಅಟ್ಟದ ಮೇಲೆ ಹವ್ಯಾಸಿ ರೇಡಿಯೋ ಸಂಘ ನಡೆಯುತ್ತಿತ್ತು. ಸಂಘ ಅನ್ನುವುದು ದೊಡ್ಡ ಮಾತು. ಇದ್ದವರು ನಾನು, ಮತ್ತು ಟೆಲಿಗ್ರಾಂ ಕಳಿಸುವ ತಾರು ಕಚೇರಿಯಿಂದ ನಿವೃತ್ತರಾಗಿದ್ದ ಒಬ್ಬ ಕಾಕಾ. ಕೂತಲ್ಲೇ ಕೂತು, ಮುಖ ಕಾಣದ ಪರವೂರಿನವರ ಜೊತೆ ಯಂತ್ರದ ಮೂಲಕ ಮಾತಾಡುವ ಹುಚ್ಚು ನಮ್ಮದು. ನನಗೆ ಬಾಯಿಮಾತಿನ ಪರವಾನಗಿ ಮಾತ್ರ ಇತ್ತು. ಕೀ ಎಂಬ ಪುಟ್ಟ ಹಿಡಿಕೆ ಬಡಿದು, ಗಿಡ್ಡ ಸದ್ದು, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ವಿದ್ಯೆ ಕಾಕಾರದು. ಅದು ನನ್ನ ತಲೆಗೆ ಹತ್ತಲೇ ಇಲ್ಲ.

ಕಾಕಾರ ಕಿವಿ ಮಂದವಾಗುತ್ತ ಬಂದಿತ್ತು. "ಪೂರಾ ಕೇಳದಂಗ ಆಗೂದ್ರಾಗ ಯಾರಿಗರ ಒಬ್ರಿಗೆ ಇದನ್ನ ಕಲಿಸಬೇಕೋ. ಇಲ್ಲಂದ್ರ ಈ ಕೀ ನಿನ್ನ ತೂಕದ ಕಲ್ಲಿನ ಜೋಡಿ ಮೂಲಿ ಸೇರತೈತಿ" ಎಂದರು. ಹಾಗಾಗಿ ಹೊಸಬರನ್ನು ಕರೆಯಲು ಹೊರಟೆವು.

ಸಂತೆಯಲ್ಲಿ ಬಿದಿರಿಗೆ ತಂತಿ ಕಟ್ಟಿ, "ರೇಡಿಯೋ ಸಂಘಕ್ಕೆ ಬನ್ನಿ" ಎಂದು ಹಲಗೆ ನಿಲ್ಲಿಸಿದೆವು. ಜನ ಬಂದರು, ಬಗಲಲ್ಲಿ ಕೆಟ್ಟ ರೇಡಿಯೋ ಹಿಡಿದುಕೊಂಡು ಬಂದರು. ರೋಣದ ಸಂತೆಯಲ್ಲೂ ಅದೇ ಕಥೆ. ಕಾಕಾ ಬೇಸರಪಡದೆ ರಿಪೇರಿ ಮಾಡಿಕೊಟ್ಟರು. ಕಲಿಯಲು ಮಾತ್ರ ಯಾರೂ ನಿಲ್ಲಲಿಲ್ಲ.

ತಪ್ಪು ಹಲಗೆಯದೊಂದೇ ಅಲ್ಲ. ಹೊಸಬರು ಮೊದಲ ತಿಂಗಳು ತುಟಿ ಬಿಚ್ಚದೆ ಕೇಳಬೇಕು, ಕೇಳಿದ್ದನ್ನು ಸ್ಲೇಟು ಪಾಟಿಯ ಮೇಲೆ ಬರೆಯಬೇಕು ಎಂಬುದು ಕಾಕಾರ ಕಟ್ಟಳೆ. ನಮ್ಮ ಕಡೆ ಬಂದವರನ್ನು ಮಾತಾಡಿಸದೆ ಕೂಡಿಸುವುದೆಂದರೆ ಹೊಸ್ತಿಲಿಂದಲೇ ಅಟ್ಟಿದ ಹಾಗೆ. ಗಜೇಂದ್ರಗಡದಿಂದ ಬಸ್ಸು ಹಿಡಿದು ಆಸೆಯಿಂದ ಬಂದ ವ್ಯಾಪಾರಿಯೊಬ್ಬರು ಎರಡು ಸಂಜೆ ಕೂತು, ಮೂರನೆಯ ಸಂಜೆ ಎದ್ದು ನಿಂತರು. "ನನ್ನಿಂದ ಏನರ ತಪ್ಪಾಗಿದ್ರ ಬಾಯಿಬಿಟ್ಟ ಹೇಳ್ರಿ. ಹಿಂಗ ಸುಮ್ಮನ ಕುಂದ್ರಸಬ್ಯಾಡ್ರಿ" ಎಂದು ನೊಂದುಕೊಂಡೇ ಹೋದರು. ಕಟ್ಟಳೆ ಸಡಿಲಿಸಿರೆಂದು ನಾನು ಹೇಳಿದೆ. ಕಾಕಾ ಒಪ್ಪಲಿಲ್ಲ. ಮೊಂಡುತನಕ್ಕೆ ಮದ್ದಿಲ್ಲ.

ಆಮೇಲೆ ಬಂದವಳು ಶಿರೋಳದ ಹೊಲಿಗೆ ಕೆಲಸದ ಹೆಣ್ಣುಮಗಳು. ಹತ್ತನೆಯ ತನಕ ಓದಿದ್ದಳು. ರಿಪೇರಿಗೆ ಕೊಟ್ಟ ರೇಡಿಯೋ ಒಯ್ಯಲು ಬಂದು, ಅಟ್ಟದ ಮೇಲೆ ಕೂತು ಕೇಳಿದಳು. ಮರುವಾರ ಮತ್ತೆ ಬಂದಳು, ಆಮೇಲೆ ದಿನಾ ಸಂಜೆ ಬರತೊಡಗಿದಳು. ಕಾಕಾ ಕೀ ಬಡಿಯುವುದು, ಅವಳು ಅಕ್ಷರ ಬರೆಯುವುದು. ಬೇಸರ ಆಗುವುದಿಲ್ಲವೇ ಎಂದು ಕೆಳಗೆ ಅಂಗಡಿಯಲ್ಲಿ ಕೇಳಿದೆ. "ಮನ್ಯಾಗ ತುಂಬಿದ ಮಂದಿ, ಮುಂಜಾನಿಂದ ಸಂಜಿತನಾ ಮಾತ ಮಾತರೀ. ಇಲ್ಲೆ ಯಾರೂ ಮಾತಾಡ್ಸಂಗಿಲ್ಲ, ಭಾಳ ಆರಾಮ ಅನಸತೈತ್ರಿ" ಎಂದು ನಕ್ಕಳು. ನಮ್ಮ ಸಂಘವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಒಂದು ಸಂಜೆ ಕಾಕಾ ಹೆಡ್‌ಫೋನು ಹಾಕಿಕೊಂಡು ಯಂತ್ರದ ಗುಂಡಿ ತಿರುಗಿಸುತ್ತಿದ್ದರು. ಅದೇ ಯಂತ್ರದ ಇನ್ನೊಂದು ಹೆಡ್‌ಫೋನು ಅವಳ ಕಿವಿಗಿತ್ತು. ಇದ್ದಕ್ಕಿದ್ದಂತೆ ಅವಳು ಕಾಕಾರ ಮುಂಗೈ ಹಿಡಿದಳು.

"ಹಿಂದಕ್ಕ ತಿರಗಸ್ರಿ ಕಾಕಾರ. ಯಾರೋ ಕರಿಯಾಕತ್ತಾರ."

ಅವಳ ತಿಂಗಳು ಇನ್ನೂ ತುಂಬಿರಲಿಲ್ಲ. ಕಾಕಾ ಸಿಡುಕುತ್ತಾರೆಂದು ಕಾದೆ. ಅವರು ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು.

"ಇನ್ನೂ ಕರಿಯಾಕತ್ತಾರೇನು?"

"ಹೌದ್ರಿ. ಜೋರ ಕೇಳತೈತಲ್ರಿ."

ಕಾಕಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. "ನನಗ ಇದರಾಗ ಏನೂ ಕೇಳಸಂಗಿಲ್ಲ ತಂಗಿ. ಭಾಳ ದಿನಾತು. ಸುಮ್ಮನ ತಲಿಮ್ಯಾಲ ಇಟಗೊಂಡ ಕುಂದರತಿದ್ದೆ."

ದಿನವೂ ಪಕ್ಕದಲ್ಲೇ ಕೂರುತ್ತಿದ್ದೆ, ತಿಳಿದಿರಲಿಲ್ಲ. ಅಷ್ಟರಲ್ಲಿ ಅವಳು ಪಾಟಿಯನ್ನು ಕಾಕಾರಿಗೆ ಕಾಣುವಂತೆ ಸರಿಸಿದಳು.

"ಕರದವ್ರಿಗೆ ಓ ಅನಬೇಕಲ್ರಿ. ನೀವು ಬಡೀರಿ, ನಾ ಕೇಳತೀನಿ."

ಪರವಾನಗಿ ಇದ್ದದ್ದು ಕಾಕಾರ ಕೈಗೆ, ಕಿವಿ ಇದ್ದದ್ದು ಅವಳಿಗೆ. ಕಾಕಾ ಕೀ ಬಡಿದರು. ಉತ್ತರ ಬಂತು. ಅವಳು ಬರೆದ ಅಕ್ಷರಗಳನ್ನು ಕಾಕಾ ತುಟಿಯಲ್ಲೇ ಓದಿಕೊಂಡರು. ಹೆಸರು, ಊರು, ಹವಾಮಾನ ಎಲ್ಲ ಆದಮೇಲೆ, ನಿಮ್ಮ ಸಂಘದಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಆ ಕಡೆಯವರು ಕೇಳಿದರು.

ಕಾಕಾ ಒಮ್ಮೆ ಅವಳನ್ನು ನೋಡಿ, ಮೂರು ಎಂದು ಬಡಿದರು.