ಪಟ್ಟಿಯ ಪಕ್ಕದ ಹುಕ್ಕುಗಳು

ಹೊಸ ರವಿಕೆಯನ್ನು ಟೈಲರ್ ಅಂಗಡಿಯಲ್ಲೇ ಬಿಡಿಸಿ ನೋಡಿದಾಗ ನನಗೆ ಸಿಟ್ಟೇ ಬಂತು. ಹುಕ್ಕು ಬೇಡ, ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಸಾಕು ಎಂದು ಎರಡೆರಡು ಸಲ ಹೇಳಿದ್ದೆ. ಟೈಲರ್ ಶಬಾನಾ ಪಟ್ಟಿಯನ್ನೇನೋ ನೀಟಾಗಿ ಹೊಲಿದಿದ್ದಳು. ಆದರೆ ಅದರ ಪಕ್ಕದಲ್ಲೇ ಐದು ಹುಕ್ಕು, ಎದುರಿಗೆ ಕೈಯಲ್ಲೇ ಕಟ್ಟಿದ ಐದು ಕಾಜ!

ಚಿಂತಾಮಣಿಯಲ್ಲಿ ಎಷ್ಟೋ ವರ್ಷದಿಂದ ನನ್ನ ಬಟ್ಟೆ ಹೊಲಿಯುವ ಅವಳಿಗೆ ನನ್ನ ಪಾರ್ಕಿನ್ಸನ್ ಕಾಯಿಲೆ ಗೊತ್ತು. ನಡುಗುವ ಬೆರಳಿಗೆ ಹುಕ್ಕು ಸಿಗುವುದಿಲ್ಲ, ದಿನಾ ಬೆಳಿಗ್ಗೆ ಮಗಳನ್ನು ಕರೆಯಬೇಕು ಎಂಬುದೂ ಗೊತ್ತು.

“ಇದು ಹೆಚ್ಚಾಗ್ತಾನೇ ಹೋಗೋ ಕಾಯಿಲೆ ಅಂತ ಡಾಕ್ಟರೇ ಹೇಳಿದಾರೆ ಕಣಮ್ಮ. ಮತ್ತೆ ಹುಕ್ಕು ಯಾಕೆ ಹಾಕ್ದೆ?” ಎಂದು ಕೇಳಿದೆ.

ಅವಳು ಹೊಲಿಗೆ ಮಿಷನ್‌ನಿಂದ ತಲೆ ಎತ್ತಲೇ ಇಲ್ಲ. “ಇರ್ಲಿ ಬಿಡಿ ಅಕ್ಕ. ಕೈ ಮಾತು ಕೇಳೋ ದಿನ ಹಾಕ್ಕೊಳ್ಳಿ. ಬೇಡ ಅನ್ಸಿದ್ರೆ ತನ್ನಿ, ಬಿಚ್ಚಿಕೊಡ್ತೀನಿ” ಎಂದಳು.

ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲವೋ, ನನಗಿಂತ ಚೆನ್ನಾಗಿ ಅರ್ಥವಾಗಿತ್ತೋ ತಿಳಿಯದೆ ರವಿಕೆ ಮಡಿಚಿಕೊಂಡು ಮನೆಗೆ ಬಂದೆ.

ಕೈವಾರದಲ್ಲಿ ತಂಗಿಯ ಮಗಳ ಮದುವೆಯ ದಿನ ಅದೇ ರವಿಕೆ ತೊಟ್ಟೆ. ಮೊದಲ ಹುಕ್ಕು ಹೇಗೋ ಕಾಜಕ್ಕೆ ಸಿಕ್ಕಿತು. ಎರಡನೆಯದು ಏನು ಮಾಡಿದರೂ ಸಿಗಲಿಲ್ಲ. ಉಳಿದದ್ದಕ್ಕೆ ಪಟ್ಟಿ ಒತ್ತಿಕೊಂಡೆ. ನಗಬೇಕೋ ಅಳಬೇಕೋ ತೋಚಲಿಲ್ಲ.

ಮೊನ್ನೆ ಇನ್ನೊಂದು ರವಿಕೆ ಬಟ್ಟೆ ಕೊಡಲು ಶಬಾನಾ ಬಳಿ ಹೋಗಿದ್ದೆ. ಹುಕ್ಕು ಬೇಕು ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ.