ಹಗ್ಗ ಕೊಡದೆ ಮಾರಿದ ಕಾರು

ಮೊದಲು ಒಂದು ಕೆಮ್ಮು. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ದೊಡ್ಡ ಪ್ರಾಣಿಯೊಂದು ಎದ್ದು ಮೈಮುರಿದ ಹಾಗೆ ತುಂಬು ಗುರುಗುರು! ಆ ಸಪ್ಪಳಕ್ಕೆ ಇಳಕಲ್ಲಿನ ನಮ್ಮ ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನೇಕಾರರು ಲಾಳಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬರುತ್ತಿದ್ದರು. ಮೊನ್ನೆ ಯಾರೋ ಫೋನಿನಲ್ಲಿ ಮಾರಾಟಕ್ಕಿಟ್ಟ ಹಳೆಯ ಬ್ರಿಟಿಷ್ ಕಾರಿನ ವಿಡಿಯೋ ತೋರಿಸಿದರು. ಅದೇ ಸಪ್ಪಳ! ಈ ವಯಸ್ಸಿನಲ್ಲೂ ಕೂತಲ್ಲಿಂದ ಎದ್ದು ನಿಂತೆ, ನೋಡಿ.

ಎಪ್ಪತ್ತರ ದಶಕ. ಕಾರು ನನ್ನ ಸೋದರತ್ತೆ ಗೌರತ್ತಿಯ ಗಂಡನದು. ಕಲ್ಲಿನ ಖಣಿಯ ಮಾಲಕರಾಗಿದ್ದ ಮಾಮಾ ಅದನ್ನು ಮುಂಬಯಿಯಲ್ಲಿ ಒಬ್ಬ ಸಾಹೇಬನಿಂದ ಕೊಂಡಿದ್ದರು. ಎರಡೇ ಬಾಗಿಲು, ಉದ್ದನೆಯ ಬಾನೆಟ್, ಬೆಳ್ಳಿಯಂಥ ಕಡ್ಡಿಗಳ ಚಕ್ರ, ಒಳಗೆ ಚರ್ಮದ ಸೀಟಿನ ವಾಸನೆಯ ಜೊತೆ ಮಾಮಾನ ತಂಬಾಕಿನ ವಾಸನೆ. ಅವರು ತೀರಿದ ಮೇಲೆ ಗೌರತ್ತಿ ಕಾರಿನ ಸಮೇತ ತವರಿಗೆ ಬಂದಳು. ಖಣಿಯ ಡ್ರೈವರ್ ತಂದು ಬಿಟ್ಟ ಆ ಕಾರು ಎತ್ತುಗಳ ಪಕ್ಕ ಕೊಟ್ಟಿಗೆಯಲ್ಲಿ ನಿಂತಿತು. ಸೋಮವಾರಕ್ಕೊಮ್ಮೆ ಬಾನೆಟ್ಟಿಗೆ ವಿಭೂತಿ ಹಚ್ಚಿ, ಬ್ಯಾಟರಿ ಸಾಯಬಾರದೆಂದು ಸ್ಟಾರ್ಟ್ ಮಾಡಿ, ಸುಮ್ಮನೆ ಕೂತು, ಬಂದ್ ಮಾಡುತ್ತಿದ್ದಳು. ಆಕೆಗೆ ಅಷ್ಟೇ ಬರುತ್ತದೆಂದು ಎಲ್ಲರೂ ತಿಳಿದಿದ್ದೆವು.

ಓಡಿಸುವವರಿಲ್ಲದ ಗಾಡಿ ಯಾಕೆಂದು ಅಪ್ಪ ಮಾರಲು ಹೊರಟರು. ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನಾನೇ ಮನೆಯ ಇಂಗ್ಲಿಷ್ ಪಂಡಿತೆ. ಪೇಪರಿನ ಜಾಹೀರಾತನ್ನು ನನ್ನ ಕೈಯಿಂದಲೇ ಬರೆಸಿದರು. ‘ಫಾರ್ ಸೇಲ್, ಬ್ರಿಟಿಷ್ ಗ್ರ್ಯಾಂಡ್ ಟೂರಿಂಗ್ ಕಾರ್’ ಎಂದು ಸಿಸ್ಟರ್ ಕಲಿಸಿದ ಕರ್ಸಿವ್‌ನಲ್ಲಿ ಎಷ್ಟು ಜಂಬದಿಂದ ಬರೆದಿದ್ದೆ! ಗೌರತ್ತಿ ಕನ್ನಡದಲ್ಲಿ ಓದಿಸಿ ಕೇಳಿದಳು. “ಚೊಲೋ ಬರದೀಯವ್ವಾ,” ಅಂದಳು. “ಇದನ್ನ ಹೊಡಿಯಾಕಿ ಒಬ್ಬಾಕಿ ಅದಾಳ ಅಂತ ಮಾತ್ರ ಬರದಿಲ್ಲ.” ನನ್ನ ಜಂಬ ಅಲ್ಲೇ ಇಳಿಯಿತು.

ಬಾಗಲಕೋಟೆಯಿಂದ ಅರಳೆ ವ್ಯಾಪಾರದ ಸಾಹುಕಾರರೊಬ್ಬರು ಬಂದರು. ಮಾತು ಮುಗಿದು ಎಲೆ ಅಡಿಕೆ ಆದ ಮೇಲೆ ಅವರು ಕೀಲಿಗೆ ಕೈ ಚಾಚಿದರು. ಗೌರತ್ತಿ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು.

“ಎತ್ತು ಮಾರಿದ್ರ ಹಗ್ಗ ಕೊಡ್ತಾರೇನ್ರಿ? ಹಗ್ಗ ಮನಿಯಾಗ ಉಳೀಬೇಕು. ನೀವು ಹೊಸಾದು ಮಾಡಸ್ಕೋರಿ.”

ಸಾಹುಕಾರರು ನಕ್ಕುಬಿಟ್ಟರು. “ಖರೆ ಐತಿ ಬಿಡ್ರಿ ಅವ್ವಾರ. ಆದ್ರ ಗಾಡಿ ನಮ್ಮೂರತನಕ ಹ್ಯಾಂಗ ಬರಬೇಕು?”

“ನಾನ ಹೊಡಕೊಂಡ ಬರ್ತೇನಿ. ಕೀಲಿ ತಗೊಂಡ ಹೊಳ್ಳಿ ಬರ್ತೇನಿ.”

“ಅಕ್ಕಾ! ನಿನಗೆಲ್ಲಿ ಬರ್ತದ?” ಎಂದರು ಅಪ್ಪ.

“ಖಣಿ ಬಯಲಾಗ ನಮ್ಮ ಮನಿಯವರು ಕಲಿಸ್ಯಾರ. ಸೈಕಲ್ ಮ್ಯಾಲಿಂದ ಬೀಳಾಂವ ನೀ, ನನಗ ಹೇಳಬ್ಯಾಡ.”

“ಊರಾಗಿನ ಮಂದಿ ಏನಂದಾರು?”

“ಏನರ ಅನ್ನಲಿ. ಇವತ್ತ ಹೊಡೀಲಿಲ್ಲಂದ್ರ ಇನ್ನ ಯಾವಾಗ ಹೊಡೀಲಿ?”

ಅಪ್ಪ ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದರು. ಹೆಸರಿಗಷ್ಟೇ ಇದ್ದ ಹಿಂದಿನ ಸೀಟಿನಲ್ಲಿ ಪಾಪ ಸಾಹುಕಾರರು ಕಾಲು ಮಡಚಿ ತುರುಕಿಕೊಂಡರು. ಮುಂದೆ ಅತ್ತಿಯ ಪಕ್ಕ ನಾನು, ಲೈಕ್ ಅ ಕ್ವೀನ್! ಕೆಮ್ಮು, ಮೌನ, ಗುರುಗುರು. ಮಗ್ಗಗಳು ನಿಂತವು. ಬಾಗಿಲು ಬಾಗಿಲಿನಲ್ಲಿ ಬಾಯ್ಬಿಟ್ಟ ಮುಖಗಳು. ಊರು ದಾಟಿ ಹುನಗುಂದದ ರಸ್ತೆಗೆ ಬಿದ್ದದ್ದೇ ಅತ್ತಿಯ ತಲೆಯ ಕೆಂಪು ಸೆರಗು ಜಾರಿ ಗಾಳಿಗೆ ಪಟಪಟ ಹೊಡೆಯತೊಡಗಿತು. ಆಕೆ ಎಳೆದುಕೊಳ್ಳಲಿಲ್ಲ. “ಎಷ್ಟೈತಿ ನೋಡ,” ಅಂದಳು. “ಅರವತ್ತು ಅತ್ತಿ! ಕಿಲೋಮೀಟರ್ ಅಲ್ಲ, ಮೈಲು!” ಎಂದು ಕಿರುಚಿದೆ. ಹಿಂದಿನಿಂದ ಸಾಹುಕಾರರು, “ಅವ್ವಾರ, ನನಗೂ ಹೆಂಡ್ರು ಮಕ್ಕಳದಾರ್ರಿ,” ಅಂದರು. ಅತ್ತಿ ಬಾಯಿ ತುಂಬ ನಕ್ಕಳು. ಮಾಮಾ ಹೋದ ಮೇಲೆ ಆ ನಗೆ ಕೇಳಿದ್ದು ಅದೇ ಮೊದಲು. ಅಮೀನಗಡದಲ್ಲಿ ಕರದಂಟು ಕೊಂಡೆವು, ಶಿರೂರು ದಾಟಿದೆವು. ಬಾಗಲಕೋಟೆಯಲ್ಲಿ ಇಂಜಿನ್ ಬಂದ್ ಮಾಡಿ, ಆಕೆ ಸ್ಟೀರಿಂಗಿನ ಮೇಲೊಮ್ಮೆ ಕೈಯಾಡಿಸಿದಳು. ಆಮೇಲೆ ಕೀಲಿ ಸೊಂಟಕ್ಕೆ ಸಿಗಿಸಿ ಇಳಿದಳು. ಸಂಜೆಯ ಬಸ್ಸಿಗೆ ನಾವಿಬ್ಬರೂ ಇಳಕಲ್ಲಿಗೆ ವಾಪಸು.

ಕೊಟ್ಟಿಗೆಯಿಲ್ಲ, ಮನೆಯೂ ಇಲ್ಲ ಈಗ. ನಾನು ಗೌರತ್ತಿಯನ್ನು ಕಡೆಯ ಸಲ ಕಂಡದ್ದು ಎಂಬತ್ತರ ದಶಕದಲ್ಲಿ, ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ. ನನ್ನನ್ನು ಗಂಡನ ಮನೆಗೆ ಕಳಿಸಲು ಬಂದಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು, ಸೊಂಟದಲ್ಲಿ ಆ ಕೀಲಿ ಇತ್ತು. ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕೈ ಬೀಸಿದೆ. ಆಕೆ ಬೀಸಲಿಲ್ಲ. ಬಸ್ಸಿನ ಸಪ್ಪಳಕ್ಕೆ ಕಿವಿಗೊಟ್ಟು ನಿಂತಿದ್ದಳು. ಡ್ರೈವರ್ ಗೇರು ಬದಲಿಸಿದಾಗೆಲ್ಲ ಸೀರೆಯ ನೆರಿಗೆಯ ಪಕ್ಕ ಆಕೆಯ ಎಡಗೈ ತಾನೂ ಬದಲಿಸುತ್ತಿತ್ತು. ಸೆಕೆಂಡ್. ಥರ್ಡ್.