ಅಕ್ಕ ಹೇಳಿದ ಹೆಸರು

ನನ್ನ ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ಪಕ್ಕದಲ್ಲಿ, ಹಳೆಯ ರೇಷ್ಮೆಯ ತುಂಡೊಂದರಲ್ಲಿ ಸುತ್ತಿಟ್ಟ ಹಸಿರು ಗಾಜಿನ ಬಳೆಗಳಿವೆ. ಅವು ನನ್ನ ಕೈಗೆ ಏರುವುದಿಲ್ಲ. ವಯಸ್ಸು ಮನುಷ್ಯರ ಬುದ್ಧಿಯನ್ನು ಹಿಗ್ಗಿಸುತ್ತದೋ ಇಲ್ಲವೋ, ಮುಂಗೈಯನ್ನಂತೂ ಹಿಗ್ಗಿಸುತ್ತದೆ. ವರ್ಷಕ್ಕೊಮ್ಮೆ ಸೀರೆಗಳನ್ನು ಬಿಸಿಲಿಗೆ ಹರಡುವ ದಿನ ಅವನ್ನೂ ಹೊರಗೆ ತೆಗೆದು, ಒರೆಸಿ, ಮತ್ತೆ ಸುತ್ತಿಡುತ್ತೇನೆ. ತೊಡುವವರೂ ಇಲ್ಲದ, ಒಡೆಯುವವರೂ ಇಲ್ಲದ ಆ ಬಳೆಗಳು ನನ್ನ ಅಕ್ಕನವು.

ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿಯ ಮನೆ. ಮಗ್ಗದ ಸದ್ದಿನಲ್ಲೇ ನಮ್ಮ ಊಟ, ಜಗಳ, ನಿದ್ದೆ ಎಲ್ಲವೂ. ಗಂಡಸರು ನೇಯುತ್ತಿದ್ದರು, ಹೆಂಗಸರು ರಾಟೆಯ ಮುಂದೆ ಕೂತು ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ರೇಷ್ಮೆಯ ಎಳೆ ಸುತ್ತುತ್ತಿದ್ದೆವು. ರೇಷ್ಮೆ ಬಲು ಮಾನಿ. ಬಳೆಯ ಅಂಚು ತಾಕಿದರೂ ಸಾಕು, ಸಿಕ್ಕಿಕೊಂಡು ಹರಿಯುತ್ತದೆ. ಆದ್ದರಿಂದ ರಾಟೆಗೆ ಕೂರುವ ಮುನ್ನ ಬಳೆಗಳನ್ನು ಮೊಣಕೈಯತ್ತ ಒತ್ತಿ ಏರಿಸಿ, ಅವುಗಳ ಬಾಯಿ ಕಟ್ಟಿಬಿಡುವುದು ನಮ್ಮ ರೂಢಿ. ಸಂಜೆ ಅವು ಮಣಿಕಟ್ಟಿಗೆ ಜಾರಿ ಘಲ್ಲೆಂದರೆ ಅಂದಿನ ಕೆಲಸ ಮುಗಿಯಿತೆಂದು ಅರ್ಥ. ನಮ್ಮ ಮನೆಗೇ ಅಳಿಯನಾಗಿ ಬಂದಿದ್ದ ಭಾವ, ಮಗ್ಗದ ಗುಣಿಯಲ್ಲಿ ಕೂತಲ್ಲಿಂದಲೇ ಅಕ್ಕನ ಬಳೆಯ ಸದ್ದಿಗೆ ತಲೆಯೆತ್ತಿ ನೋಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ನೋಡುವುದರಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿಬಿಡುತ್ತಿದ್ದರು.

ಆ ಭಾವ ಒಂದು ಮುಂಜಾನೆ ಸೀರೆಯ ಗಂಟು ಹೊತ್ತು ಸೇಲಂ ಕಡೆಗೆ ಮಾರಾಟಕ್ಕೆ ಹೋದವರು ಮರಳಲಿಲ್ಲ. ಆಗ ನಮ್ಮೂರು ಕೋಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಊರಿಗೆ ಊರೇ ರಾಜ್ಯ ಬದಲಿಸಿತು, ಬರಬೇಕಾದ ಒಬ್ಬ ಮನುಷ್ಯ ಮಾತ್ರ ಬರಲಿಲ್ಲ. ಹುಡುಕಿದ್ದಾಯಿತು, ಹರಕೆ ಹೊತ್ತದ್ದಾಯಿತು, ಕಣಿ ಕೇಳಿದ್ದಾಯಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದೇ ಎಣಿಸಿ, ದರ್ಭೆಯ ಗೊಂಬೆ ಮಾಡಿ ಸುಟ್ಟು, ಕರ್ಮ ಮುಗಿಸಬೇಕೆಂಬುದು ಹಿರಿಯರ ಶಾಸ್ತ್ರ. ಆ ಕರ್ಮದಲ್ಲಿ ಅಕ್ಕನ ಬಳೆ ಒಡೆಯುವುದೂ ಸೇರಿತ್ತು.

ಆ ಗಡುವು ತುಂಬಿದಾಗ, ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನರಾಗಿದ್ದ ದೊಡ್ಡಪ್ಪ ಒಂದು ಸಂಜೆ ಅಕ್ಕನನ್ನು ಕರೆದು, "ಇನ್ನೆಷ್ಟು ದಿನ ಅಂತ ಕಾಯ್ತೀಯವ್ವ? ಮಾಡೋದ ಮಾಡ್ಬುಟ್ರೆ ಅವ್ನಿಗೂ ಒಂದು ದಾರಿಯಾಯ್ತದೆ. ಬರೋ ಅಮಾಸೆಗೆ ಮುಗಿಸ್ಬುಡಾನ" ಎಂದರು. ಕೆಟ್ಟ ಮನುಷ್ಯರಲ್ಲ ಅವರು.

"ಮಾಡಿ ದೊಡ್ಡಪ್ಪ," ಎಂದಳು ಅಕ್ಕ. "ಅದ್ಕೆ ಮುಂಚೆ ಒಂದ್ಸಲ ನನ್ನ ಯಳಂದೂರ್ಗೆ ಕರ್ಕಂಡೋಗಿ."

ಯಳಂದೂರು ಏಕೆಂದು ನನಗೆ ಗೊತ್ತಿತ್ತು. ಅಲ್ಲಿಯ ಹಳೆಯ ಗೌರೀಶ್ವರನ ಗುಡಿಯ ಮುಂದೆ ಬಳೆಮಂಟಪವೆಂಬ ಕಲ್ಲಿನ ಮಂಟಪವಿದೆ. ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡು ಅಲ್ಲಿ ತೂಗುತ್ತವೆ. ಮದುವೆಯ ಹೊಸತರಲ್ಲಿ ಭಾವ ಅಕ್ಕನನ್ನು ಅಲ್ಲಿಗೆ ಕರೆದೊಯ್ದು, ಅವನ್ನು ತೋರಿಸಿ, "ನೋಡು, ಇಂಥವ ತೊಟ್ಕಂಡ್ರೆ ಬಳೆಗಾರನ್ನ ಕಾಯೋದೇ ಬ್ಯಾಡ" ಎಂದು ನಗಿಸಿದ್ದರಂತೆ. ಅವರು ಆಡಿದ ಕೆಲವೇ ಮಾತುಗಳಲ್ಲಿ ಅದೊಂದು. ಅಕ್ಕ ಅದನ್ನು ನನಗೆ ಅದೆಷ್ಟು ಸಲ ಹೇಳಿದ್ದಳೋ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿಕೆ. ಪಕ್ಕದ ಮನೆಯ ರಂಗಯ್ಯನವರ ಹೆಂಡತಿ ರಂಗೋಲಿಯನ್ನು ಸಾಯುವವರೆಗೂ 'ಬಾಗಲಿಟ್ಟು' ಎಂದೇ ಕರೆದರು, ನಾವು ಮಕ್ಕಳು ಬೇಕೆಂದೇ ಅವರ ಮುಂದೆ "ಅಜ್ಜಿ, ಬಾಗ್ಲಲ್ಲಿ ಏನದು?" ಎಂದು ಕೇಳಿ ನಗುತ್ತಿದ್ದೆವು. ಅಕ್ಕ ಮದುವೆಯ ದಿನ, ಒಡಪು ಕಟ್ಟಿ ಹೆಸರು ಹೇಳೆಂದು ಹೆಂಗಸರು ಪೀಡಿಸಿದಾಗಲೂ, ಮುಖ ಮುಚ್ಚಿಕೊಂಡು ಒಳಗೋಡಿದವಳು. ಗುಡಿಯಲ್ಲಿ ಭಾವನ ಹೆಸರಿಗೆ ಅರ್ಚನೆ ಮಾಡಿಸುವಾಗಲೆಲ್ಲ ಅವಳ ಪರವಾಗಿ ಅಮ್ಮನೇ ಹೆಸರು ಹೇಳುತ್ತಿದ್ದಳು. ಭಾವ ಹೋದ ಮೇಲೂ ಹಬ್ಬ ಹಬ್ಬಕ್ಕೆ ಹೇಳುತ್ತಲೇ ಬಂದಿದ್ದಳು.

ಯಳಂದೂರಿಗೆ ಅಕ್ಕ, ಅಮ್ಮ, ದೊಡ್ಡಪ್ಪ, ನಾನು ನಾಲ್ವರೂ ಬೆಳಗಿನ ಬಸ್ಸಿನಲ್ಲಿ ಹೋದೆವು. ಮಾಂಬಳ್ಳಿ ದಾಟುವಾಗ ಗದ್ದೆಗಳ ಮೇಲೆ ಮಂಜಿನ್ನೂ ಕರಗಿರಲಿಲ್ಲ. ದೊಡ್ಡಪ್ಪ ಹವಾ ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅದನ್ನೇ ಹೇಳಿದರು. ಬಳೆಮಂಟಪದ ಕೆಳಗೆ ಅಕ್ಕ ಬಹಳ ಹೊತ್ತು ನಿಂತಳು. ಕತ್ತೆತ್ತಿ ನಾನೂ ನೋಡಿದೆ. ಎಷ್ಟೋ ತಲೆಮಾರುಗಳ ಗಾಳಿ ಮಳೆಗೆ ಕಪ್ಪಿಟ್ಟ ಆ ಬಳೆಗಳು ಒಡೆಯುವುದಿಲ್ಲ ನಿಜ, ಆದರೆ ಘಲ್ಲೆನ್ನುವುದೂ ಇಲ್ಲ. ಎಂದೆಂದಿಗೂ ಮೊಣಕೈಗೆ ಏರಿಸಿಟ್ಟ ಬಳೆಗಳು ಅವು, ಎನಿಸಿತು.

ಒಳಗೆ ತಣ್ಣನೆಯ ಕತ್ತಲು, ಬಾವಲಿಯ ವಾಸನೆ, ಒಂದೇ ದೀಪ. ಅರ್ಚಕರು ತಟ್ಟೆ ತೆಗೆದುಕೊಂಡು, "ಯಾರ ಹೆಸರಿಗೆ ಅರ್ಚನೆ?" ಎಂದರು. ಕೇಳಿದ್ದು ಅಷ್ಟೇ. ಬದುಕಿರುವವರ ಹೆಸರಿಗೇ ಅರ್ಚನೆ. ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಹೇಳಲಿಲ್ಲ, ಅಮಾವಾಸ್ಯೆಗೆ ಕರ್ಮ ಗೊತ್ತಾಗಿರುವವನ ಹೆಸರನ್ನು ಯಾವ ಬಾಯಲ್ಲಿ ಹೇಳಿಯಾಳು? ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು. ನಾನು ಬಾಯಿ ತೆರೆದೆ, ದೊಡ್ಡಪ್ಪ ಕೈ ಅಡ್ಡ ಹಿಡಿದು, "ಬ್ಯಾಡ ಕಣವ್ವ, ದೇವ್ರ ಹೆಸ್ರಲ್ಲೇ ಆಗೋಗ್ಲಿ" ಎಂದರು.

ಆಗ ಅಕ್ಕ ತಾನೇ ಹೇಳಿದಳು. ಗೋತ್ರ, ನಕ್ಷತ್ರ, ಆಮೇಲೆ ಹೆಸರು. ಮೆಲ್ಲಗಲ್ಲ, ಗರ್ಭಗುಡಿಯ ಕತ್ತಲು ಮರುದನಿ ಕೊಡುವಷ್ಟು ಸ್ಪಷ್ಟವಾಗಿ. ಗಂಡ ಬದುಕಿದ್ದಾನೆಂದು ದೇವರಿಗೆ ತಿಳಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಅದು ಅವನ ಆಯುಸ್ಸಿಗೇ ಕುಂದೆಂದು ನಂಬಿದ್ದವಳೂ ಅವಳೇ. ಅಮ್ಮ ಕಿವಿ ಮುಚ್ಚಿಕೊಂಡಳು. ಅರ್ಚಕರಿಗೆ ಏನೂ ತಿಳಿಯದು; ಆ ಹೆಸರನ್ನು ಮಂತ್ರದ ನಡುವೆ ಪೋಣಿಸಿ, ದೀರ್ಘಾಯುಷ್ಯವನ್ನು ಹಾರೈಸಿ, ಆರತಿ ತಂದರು.

ಹೊರಗೆ ಬಂದು ಜಗಲಿಯ ಮೇಲೆ ಕೂತಾಗ ಅಕ್ಕ ನನ್ನ ಕಡೆ ತಿರುಗಿ, "ನನ್ ಬಾಯಲ್ಲೇ ಬಂದ್ಬುಡ್ತು ಕಣೆ. ಇದ್ರೂ ಇನ್ನ ಎಷ್ಟು ದಿನ ಇದ್ದಾರು?" ಎಂದಳು. ಬಸ್ಸಿನಲ್ಲಿ ಕೂತವಳೇ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು, ಮುಂದೆ ರಾಟೆ ಇದೆಯೇನೋ ಎಂಬಂತೆ. ಕೊಳ್ಳೇಗಾಲ ಬರುವವರೆಗೂ ಅವು ಸದ್ದು ಮಾಡಲಿಲ್ಲ.

ಅಮಾವಾಸ್ಯೆಯ ದಿನ, ಬಳೆ ಒಡೆಯಲು ಹೆಂಗಸರು ಬರುವ ಮೊದಲೇ ಅಕ್ಕ ಕೈಗೆ ಹರಳೆಣ್ಣೆ ಸವರಿಕೊಂಡು ಒಂದೊಂದನ್ನೂ ಇಡಿಯಾಗಿ ಕಳಚಿದ್ದಳು. ಒಡೆಯದೆ ಶಾಸ್ತ್ರ ಆಗದೆಂದು ಅವರು ರೇಗಿದರು. ಅಕ್ಕ ಬರಿಗೈ ಚಾಚಿ ಕೂತಳು. ಬಳೆಗಳು ಅಷ್ಟರಲ್ಲಿ ನನ್ನ ಬಳಿ ಇದ್ದವು. "ಎತ್ತಿಟ್ಟಿರು" ಎಂದಷ್ಟೇ ಹೇಳಿದ್ದಳು. ಸಾಯುವವರೆಗೂ ಅವನ್ನು ವಾಪಸು ಕೇಳಲಿಲ್ಲ.

ಹೆಸರು ಒಂದು ಜೀವವನ್ನು ಉಳಿಸೀತೇ, ಅಳಿಸೀತೇ? ನಾಲ್ಕಕ್ಷರ ಓದಿದ ನನಗೆ ಅವೆರಡರಲ್ಲೂ ನಂಬಿಕೆಯಿಲ್ಲ. ಪಂಡಿತರು ವಾದಿಸಿದರೆ ತಲೆದೂಗಲೂ ಸಿದ್ಧ. ಆದರೆ ಈ ವರ್ಷವೂ ಬಳೆಗಳನ್ನು ಒರೆಸುವಾಗ, ಒಂದಕ್ಕೊಂದು ತಾಕಿ ಅವು ಸಣ್ಣಗೆ ಘಲ್ಲೆಂದವು. ನನ್ನ ತಲೆ ತಾನಾಗಿ ಬೀದಿಬಾಗಿಲ ಕಡೆ ತಿರುಗಿತು. ಎಲ್ಲೋ ಸೇಲಂ ಕಡೆಯ ಯಾವುದೋ ಊರಿನಲ್ಲಿ, ತೊಂಬತ್ತು ದಾಟಿದ ಒಬ್ಬ ಮುದುಕ ಜಗಲಿಯ ಮೇಲೆ ಕೂತಿದ್ದರೆ?

ಇಷ್ಟು ದೂರ ನನ್ನೊಡನೆ ಬಂದ ನೀವು ಗಮನಿಸಿರಬೇಕು: ಅಕ್ಕ ಅಂದು ಹೇಳಿದ ಆ ಹೆಸರನ್ನು ನಾನು ಇಲ್ಲೆಲ್ಲೂ ಬರೆದಿಲ್ಲ.